ಮನೆಯವನೇ ಆರೋಪಿಯಾದಾಗ

ಮನೆಯವನೋ ಪರಿಚಿತನೋ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಾನೆಂದು ಮಗು ಬಾಯಿಬಿಟ್ಟ ರಾತ್ರಿ ಬಹಳಷ್ಟು ಮನೆಗಳಲ್ಲಿ ಮೊದಲು ಕೇಳಿಬರುವ ಮಾತು "ಇದು ಹೊರಗೆ ಹೋಗಬಾರದು" ಎಂಬುದು. ಮಗುವಿಗೆ ನೋವಿದೆಯೇ, ನಾಳೆ ಅವನು ಮತ್ತೆ ಇದೇ ಮನೆಗೆ ಊಟಕ್ಕೆ ಬರುತ್ತಾನಲ್ಲ ಏನು ಮಾಡುವುದು ಎಂಬ ಪ್ರಶ್ನೆಗಳಿಗೆ ಆಮೇಲೆ ಸರದಿ ಸಿಗುತ್ತದೆ. ಬೆರಳು ತೋರಿಸಬೇಕಾಗಿರುವುದು ಚಿಕ್ಕಪ್ಪನ ಕಡೆಗೆ, ಸೋದರಮಾವನ ಕಡೆಗೆ, ಅಜ್ಜನ ಕಡೆಗೆ, ಮೇಲಿನ ಮಹಡಿಯ ಬಾಡಿಗೆದಾರನ ಕಡೆಗೆ, ಕೆಲವೊಮ್ಮೆ ಅಪ್ಪನ ಕಡೆಗೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವರದಿಗಳನ್ನು ನೋಡಿದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯ 4 ಮತ್ತು 6ನೇ (ಅತ್ಯಾಚಾರಕ್ಕೆ ಸಂಬಂಧಿಸಿದ) ಸೆಕ್ಷನ್‌ಗಳಡಿಯ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ನಡೆಸಿದ ಅಧ್ಯಯನದಲ್ಲಿ, ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದವರು ಶೇ 53.22. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ.

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ನಾವೆಲ್ಲ ಹೇಳುವ ಪೋಕ್ಸೊ, ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. 2019ರಲ್ಲಿ ಶಿಕ್ಷೆ ಬಿಗಿಯಾಯಿತು, 2020ರಲ್ಲಿ ಹೊಸ ನಿಯಮಗಳು ಬಂದವು. ಕಾಗದದ ಮೇಲೆ ಇದು ಗಟ್ಟಿ ಕಾನೂನು. ರಕ್ತಸಂಬಂಧಿಯೋ ಒಂದೇ ಸೂರಿನಡಿ ಇರುವವನೋ ಅತ್ಯಾಚಾರ ಮಾಡಿದ್ದರೆ ಅದು 'ಉಗ್ರ' ಸ್ವರೂಪದ ಅಪರಾಧ. ಕನಿಷ್ಠ ಶಿಕ್ಷೆಯೇ 20 ವರ್ಷ. ಆದರೂ ಪ್ರಕರಣಗಳು ಬೀಳುತ್ತವೆ. ಪೊಲೀಸರ ಉದಾಸೀನ, ಪ್ರಯೋಗಾಲಯದ ವಿಳಂಬ, ವಕೀಲರ ವಾಯಿದೆ, ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಅತಿ ಹೆಚ್ಚು ಪ್ರಕರಣಗಳು ಮೊದಲು ಬಿರುಕು ಬಿಡುವುದು ಮನೆಯ ನಡುಮನೆಯಲ್ಲೇ ಎಂಬುದು ನನ್ನ ಅಭಿಪ್ರಾಯ. ಈ ಬರಹ ಅಲ್ಲಿಂದಲೇ ಶುರುವಾಗಲಿ.

ಮೊದಲ ಮಾತು

ಮಕ್ಕಳು ಇಂಥದ್ದನ್ನು ಇಡಿಯಾಗಿ ಒಂದೇ ಸಲ ಹೇಳುವುದಿಲ್ಲ. "ನಾನು ಮಾಮನ ಬೈಕಲ್ಲಿ ಹೋಗಲ್ಲ" ಎಂಬಲ್ಲಿಂದ ಶುರುವಾಗುತ್ತದೆ. ಎದುರಿಗಿರುವ ದೊಡ್ಡವರ ಮುಖ ನೋಡಿ, ಮುಂದಿನದ್ದನ್ನು ಹೇಳುವುದೋ ನುಂಗಿಕೊಳ್ಳುವುದೋ ಎಂದು ಮಗು ತೀರ್ಮಾನಿಸುತ್ತದೆ. ಆ ಹೊತ್ತಿನಲ್ಲಿ ಕಿರುಚಿದರೆ, ಅತ್ತರೆ, "ಅಯ್ಯೋ ನೀನ್ಯಾಕೆ ಅಲ್ಲಿಗೆ ಹೋದೆ" ಎಂದರೆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. "ಹೇಳಿದ್ದು ಒಳ್ಳೇದಾಯ್ತು ಕಂದಾ, ನಿಂದೇನೂ ತಪ್ಪಿಲ್ಲ, ಆಮೇಲೆ ಏನಾಯ್ತು?" ಇಷ್ಟು ಸಾಕು. "ಆಮೇಲೆ?" ಎಂಬ ಪ್ರಶ್ನೆ ಒಳ್ಳೆಯದು, "ಅವನು ಹೀಗೆ ಮಾಡಿದ್ನಾ?" ಎಂಬುದು ಕೆಟ್ಟದ್ದು. ಎರಡನೆಯದರಲ್ಲಿ ಉತ್ತರವನ್ನು ನಾವೇ ಮಗುವಿನ ಬಾಯಿಗೆ ಇಟ್ಟಂತಾಗುತ್ತದೆ, ಮುಂದೆ ಪಾಟೀಸವಾಲಿನಲ್ಲಿ ಅದೇ ಹಿಂತಿರುಗಿ ಬರುತ್ತದೆ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಲೂ ಬೇಡಿ, ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. "ಸಹಾಯ ಮಾಡೋವ್ರಿಗೆ ಮಾತ್ರ ಹೇಳ್ತೀನಿ" ಎಂದರೆ ಅದು ನಿಜವಾದ ಮಾತು.

ಕೇಳುವವರು ಒಬ್ಬರೇ ಇರಲಿ, ಒಮ್ಮೆ ಮಾತ್ರ ಕೇಳಲಿ. ಅಮ್ಮ ಕೇಳಿ, ಅಜ್ಜಿ ಕೇಳಿ, ದೊಡ್ಡಮ್ಮ ಫೋನಿನಲ್ಲಿ ಕೇಳಿ, ಮುಖ್ಯೋಪಾಧ್ಯಾಯರು ಕೇಳಿ, ಆಮೇಲೆ ಪೊಲೀಸರು, ಡಾಕ್ಟರು, ಮ್ಯಾಜಿಸ್ಟ್ರೇಟರು ಕೇಳುವ ಹೊತ್ತಿಗೆ ಒಂದೇ ಘಟನೆಗೆ ಏಳು ರೂಪ ಬಂದಿರುತ್ತದೆ. ಎಂಟು ವರ್ಷದ ಮಗು ಒಮ್ಮೆ "ಅಡುಗೆಮನೆ" ಅಂದದ್ದನ್ನು ಇನ್ನೊಮ್ಮೆ "ಹಿತ್ತಲು" ಅಂದಿತು ಎಂಬುದೇ ಆರೋಪಿ ಪರ ವಕೀಲರಿಗೆ ಅರ್ಧ ದಿನದ ಸರಕು.

ಮಗು ಮಲಗಿದ ಮೇಲೆ ಅದು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಾರೀಖು, ಹೊತ್ತು, ನೀವು ಕೇಳಿದ ಪ್ರಶ್ನೆ, ಮಗು ಆಡಿದ ಮಾತು, ಆಡಿದ ಹಾಗೆಯೇ. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳೋಣ ಎಂದು ಬಹಳ ಜನಕ್ಕೆ ತೋಚುತ್ತದೆ. ಬೇಡ. ಕ್ಯಾಮೆರಾ ಹಿಡಿದ ಕೂಡಲೇ ದೊಡ್ಡವರು ತಿಳಿಯದೆಯೇ ಪ್ರಶ್ನೆ ಕೇಳಿ ಹೇಳಿಸಲು ತೊಡಗುತ್ತಾರೆ. ಅಷ್ಟೇ ಅಲ್ಲ, ಆ ವಿಡಿಯೊ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಲು ಒಂದು ಬೆರಳು ಜಾರಿದರೆ ಸಾಕು. ಮಗುವಿನ ಗುರುತು ಬಯಲಾಗುವುದು ತಾನೇ ಒಂದು ಅಪರಾಧ. ಪ್ರಕರಣ ಮೊಬೈಲಿಗೇ ಸಂಬಂಧಿಸಿದ್ದಾದರೆ, ಅಂದರೆ ಮೆಸೇಜು, ಫೋಟೊ, ವಿಡಿಯೊ ಕರೆ ಇದ್ದರೆ, ಏನನ್ನೂ ಅಳಿಸಬೇಡಿ. ಸಾಕ್ಷ್ಯಕ್ಕೆಂದು ಇನ್ನೊಬ್ಬರಿಗೆ ಫಾರ್ವರ್ಡ್ ಕೂಡ ಮಾಡಬೇಡಿ. ಮಗುವಿನ ಅಂಥ ಚಿತ್ರವನ್ನು ಕಳಿಸುವುದು ಯಾವ ಉದ್ದೇಶಕ್ಕಾದರೂ ತೊಂದರೆಯೇ. ಫೋನನ್ನೇ ಪೊಲೀಸರಿಗೆ ಕೊಡಿ.

ಇನ್ನೊಂದು ಸಾಮಾನ್ಯ ಎಡವಟ್ಟು ಗಂಡಸರದ್ದು. ಸಿಟ್ಟು ನೆತ್ತಿಗೇರಿ ಅಪ್ಪನೋ ಅಣ್ಣನೋ ಹೋಗಿ ಅವನನ್ನು ಬಡಿಯುತ್ತಾರೆ. ಆ ಸಿಟ್ಟು ಅರ್ಥವಾಗುವಂಥದ್ದೇ. ಪರಿಣಾಮ ಮಾತ್ರ ಹೀಗೆ: ಅವನು ರಾತ್ರೋರಾತ್ರಿ ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಊರು ಬಿಡುತ್ತಾನೆ, ಇಲ್ಲವೇ ಆಸ್ಪತ್ರೆಯಲ್ಲಿ ಮಲಗಿ ನಿಮ್ಮ ಮೇಲೆಯೇ ಹಲ್ಲೆಯ ಕೌಂಟರ್ ಕೇಸು ಹಾಕುತ್ತಾನೆ. ಆಮೇಲೆ "ನೀವು ನಿಮ್ಮದು ತೆಗೀರಿ, ನಾವು ನಮ್ಮದು ತೆಗೀತೀವಿ" ಎಂಬ ಚೌಕಾಶಿ ಶುರು.

ಆಸ್ಪತ್ರೆಗೆ ಮೊದಲು ಹೋದರೂ ಆದೀತು

ಪೊಲೀಸ್ ಠಾಣೆಯ ಚೀಟಿ ಇಲ್ಲದೆ ಆಸ್ಪತ್ರೆಯವರು ಮುಟ್ಟುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ಎಫ್‌ಐಆರ್ ಆಗದಿದ್ದರೂ ವೈದ್ಯಕೀಯ ಪರೀಕ್ಷೆ ಮಾಡಬಹುದು ಎಂದು ಪೋಕ್ಸೊ 27ನೇ ಸೆಕ್ಷನ್ ಹೇಳುತ್ತದೆ. ತುರ್ತು ಚಿಕಿತ್ಸೆಗೆ ಯಾವ ಕಾಗದವನ್ನೂ ಮುಂಗಡವಾಗಿ ಕೇಳಕೂಡದು ಎಂದು 2020ರ ನಿಯಮಗಳಲ್ಲಿದೆ. ಸರ್ಕಾರಿ ಇರಲಿ ಖಾಸಗಿ ಇರಲಿ, ಚಿಕಿತ್ಸೆ ಉಚಿತ. ನಿರಾಕರಿಸಿದರೆ, ಹಿಂದಿನ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 200ನೇ ಸೆಕ್ಷನ್ ಪ್ರಕಾರ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು. ಪೊಲೀಸರಿಗೆ ತಿಳಿಸುವ ಕೆಲಸ ಆಸ್ಪತ್ರೆಯದೇ.

ಇಲ್ಲಿ ಗಡಿಯಾರ ಮುಖ್ಯ. ದೇಹದಿಂದ ಸ್ವಾಬ್ ತೆಗೆಯುವುದು ಸಾಮಾನ್ಯವಾಗಿ 96 ಗಂಟೆಯೊಳಗೆ ಫಲ ಕೊಡುತ್ತದೆ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ಬಿಡದೆ ನುಂಗಬೇಕು. ದೊಡ್ಡ ಹುಡುಗಿಯಾದರೆ ತುರ್ತು ಗರ್ಭನಿರೋಧಕ ಮಾತ್ರೆ ಕೂಡ ಮೊದಲ ಮೂರು ದಿನದೊಳಗೇ ಹೆಚ್ಚು ಪರಿಣಾಮಕಾರಿ. ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಕರೆದೊಯ್ಯಿರಿ. ಆ ಹೊತ್ತು ತೊಟ್ಟಿದ್ದ ಬಟ್ಟೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಬಾರದು. ತೇವ ಒಳಗೇ ಉಳಿದು ಬೂಸ್ಟು ಹಿಡಿದರೆ ಜೈವಿಕ ಸಾಕ್ಷ್ಯ ಹಾಳು. ನೆರಳಿನಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ. ಈಗಾಗಲೇ ಒಗೆದಾಗಿದ್ದರೂ, ತಿಂಗಳುಗಳೇ ಕಳೆದಿದ್ದರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ. ಸೋಂಕು, ಗರ್ಭ, ಮನಸ್ಸಿನ ಸ್ಥಿತಿ ಇವನ್ನು ನೋಡಬೇಕಲ್ಲ.

ಹೆಣ್ಣುಮಗುವಾದರೆ ಪರೀಕ್ಷಿಸುವವರು ಮಹಿಳಾ ವೈದ್ಯರಾಗಿರಬೇಕು, ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು. ಎರಡು ಬೆರಳಿನ ಪರೀಕ್ಷೆ ಎಂಬ ಅಮಾನವೀಯ ಪದ್ಧತಿಯನ್ನು ಮಾಡುವ ವೈದ್ಯರು ದುರ್ನಡತೆಯ ತಪ್ಪಿತಸ್ಥರು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಹೇಳಿಯಾಗಿದೆ. ವರದಿಯಲ್ಲಿ "ಗಾಯದ ಗುರುತುಗಳಿಲ್ಲ" ಎಂದು ಬಂದರೆ ಕುಟುಂಬ ಕುಸಿಯುತ್ತದೆ, ಎದುರು ಕಡೆಯವರು ಪಟಾಕಿ ಹೊಡೆಯುವುದೊಂದು ಬಾಕಿ. ಎರಡಕ್ಕೂ ಅರ್ಥವಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ಬಹುಪಾಲು ಯಾವ ಗಾಯವನ್ನೂ ಉಳಿಸುವುದಿಲ್ಲ, ಇದ್ದ ಸಣ್ಣ ಗಾಯ ಕೆಲವೇ ದಿನಗಳಲ್ಲಿ ಮಾಯುತ್ತದೆ. ನಂಬಲರ್ಹವಾದರೆ ಮಗುವಿನ ಮಾತೊಂದರ ಮೇಲೆಯೇ ಶಿಕ್ಷೆ ಕೊಡಬಹುದು, ಕೊಟ್ಟಿದ್ದಾರೆ ಕೂಡ.

ಗರ್ಭ ನಿಂತಿದ್ದರೆ ಗುಟ್ಟಾಗಿ ಎಲ್ಲೋ ತೆಗೆಸಿಬಿಡುವುದು ಎರಡು ರೀತಿಯಲ್ಲಿ ಅಪಾಯ. ಮಗುವಿನ ಜೀವಕ್ಕೆ ಕುತ್ತು. ಡಿಎನ್‌ಎ ಸಾಕ್ಷ್ಯವೂ ಮಣ್ಣುಪಾಲು. ಅಪ್ರಾಪ್ತರಿಗೆ 24 ವಾರದವರೆಗೆ ಕಾನೂನುಬದ್ಧವಾಗಿಯೇ ಗರ್ಭಪಾತಕ್ಕೆ ಅವಕಾಶವಿದೆ, ಪೊಲೀಸರಿಗೆ ಮೊದಲೇ ತಿಳಿದಿದ್ದರೆ ಮಾದರಿ ಸಂರಕ್ಷಿಸುತ್ತಾರೆ.

ಠಾಣೆ

ದೂರು ಕೊಡುವುದು ಆಯ್ಕೆಯ ವಿಷಯವಲ್ಲ. ಪೋಕ್ಸೊ 19ನೇ ಸೆಕ್ಷನ್ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ಇಲ್ಲವೇ ಹತ್ತಿರದ ಠಾಣೆಗೆ ತಿಳಿಸಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಶಾಲೆ, ಹಾಸ್ಟೆಲ್‌ಗಳ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪು ಮುಚ್ಚಿದರೆ ಒಂದು ವರ್ಷದವರೆಗೆ. ಹೆದರಿ ಕೂತ ತಾಯಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಅದು ಕ್ರೂರ ಎನಿಸುತ್ತದೆ, ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅತ್ತೆಮನೆಯವರೆಲ್ಲ ಸುತ್ತ ನಿಂತು "ಯಾಕಮ್ಮ ಮನೆ ಒಡೀತೀಯ" ಎಂದಾಗ "ಹೇಳದಿದ್ರೆ ನನ್ನನ್ನೂ ಒಳಗೆ ಹಾಕ್ತಾರೆ, ನಿಮ್ಮನ್ನೂ ಹಾಕ್ತಾರೆ" ಎಂದು ಆಕೆ ಹೇಳಲು ಒಂದು ಆಸರೆ ಅದೇ ಸೆಕ್ಷನ್ನು.

ನೇರ ಠಾಣೆಗೆ ಹೋಗಲು ಧೈರ್ಯ ಸಾಲದಿದ್ದರೆ 1098 ಮಕ್ಕಳ ಸಹಾಯವಾಣಿ ಅಥವಾ 112. ಬಾಯಿಮಾತಿನಲ್ಲಿ ಹೇಳಿದರೂ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕು. ಘಟನೆ ಬೇರೆ ಊರಲ್ಲಿ ನಡೆದಿದ್ದರೂ ನೀವಿರುವ ಕಡೆಯೇ ಜ಼ೀರೊ ಎಫ್‌ಐಆರ್ ಆಗಬೇಕು. ರಜೆಗೆ ಅಜ್ಜಿಮನೆಗೆ ಹೋಗಿದ್ದಾಗ ನಡೆದದ್ದು ಬೆಂಗಳೂರಿಗೆ ಬಂದ ಮೇಲೆ ತಿಳಿಯುವುದು ಎಷ್ಟೊಂದು ಸಲ! ಎಫ್‌ಐಆರ್ ಪ್ರತಿ ಉಚಿತ.

ಮಗುವಿನ ಹೇಳಿಕೆ ಪಡೆಯಲು ಠಾಣೆಗೆ ಕರೆಸುವಂತಿಲ್ಲ. ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬರಬೇಕು. ಮಗು ಹೇಳಿದ ಹಾಗೆಯೇ ಬರೆದುಕೊಳ್ಳಬೇಕು. ಈ ಕೊನೆಯದರಲ್ಲೇ ನಮ್ಮಲ್ಲಿ ಎಡವುವುದು. ರೈಟರು ಅಭ್ಯಾಸಬಲದಿಂದ ಠಾಣೆಯ ಕನ್ನಡದಲ್ಲಿ "ಸದರಿ ಆರೋಪಿಯು ನನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿರುತ್ತಾನೆ" ಎಂದು ಬರೆಯುತ್ತಾರೆ. ಏಳು ವರ್ಷದ ಮಗು ಹಾಗೆ ಮಾತಾಡುತ್ತದೆಯೇ? "ಇದರ ಅರ್ಥ ಗೊತ್ತಾ ಪುಟ್ಟಾ? ಯಾರು ಹೇಳಿಕೊಟ್ಟರು?" ಎಂದು ಕೋರ್ಟಿನಲ್ಲಿ ಕೇಳಿದಾಗ ಮಗು ಅಮ್ಮನ ಕಡೆ ನೋಡುತ್ತದೆ. ಆ ಒಂದು ನೋಟ ಸಾಕು. ಹೇಳಿಕೆಯನ್ನು ಓದಿಸಿ ಕೇಳಿ, ಮಗುವಿನ ಮಾತು ಅಲ್ಲಿಲ್ಲದಿದ್ದರೆ ತಿದ್ದಿಸಿ.

ತಾರೀಖಿನ ವಿಷಯದಲ್ಲೂ ಹಾಗೆಯೇ. ಮಕ್ಕಳಿಗೆ ತಾರೀಖು ಗೊತ್ತಿರುವುದಿಲ್ಲ. ಗಣೇಶನನ್ನು ಕೂರಿಸಿದ ವಾರ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ದಸರಾ ರಜೆಗೆ ಮುಂಚೆ, ಹೀಗೆ ಗೊತ್ತಿರುತ್ತದೆ. ಅದನ್ನೇ ಬರೆಸಿ. ಎಫ್‌ಐಆರ್ ಫಾರಂ ತುಂಬಬೇಕೆಂದು ಒಂದು ತಾರೀಖು ಹಾಕಿಸಿದರೆ, ಅವತ್ತು ತಾನು ಧರ್ಮಸ್ಥಳದಲ್ಲಿದ್ದೆ ಎಂದು ಆರೋಪಿ ಲಾಡ್ಜಿನ ರಸೀದಿ ತರುತ್ತಾನೆ. ದೂರು ತಡವಾಗಿದ್ದರೆ ಯಾಕೆ ತಡವಾಯಿತು ಎಂಬುದು ದೂರಿನಲ್ಲೇ ಇರಲಿ: ಬೆದರಿಕೆ, ಗಂಡ ಊರಲ್ಲಿರಲಿಲ್ಲ, ಅತ್ತೆ ತಡೆದರು, ಮಗು ಹೇಳಿದ್ದೇ ಮೊನ್ನೆ. ಎರಡು ಕುಟುಂಬಗಳ ನಡುವೆ ಪಾಲಿನ ದಾವೆಯೋ ಸೈಟಿನ ತಕರಾರೋ ಇದ್ದರೆ ಅದನ್ನೂ ತನಿಖಾಧಿಕಾರಿಗೆ ಮೊದಲೇ ಹೇಳಿಬಿಡಿ. ಒಟ್ಟು ಕುಟುಂಬದ ಪ್ರಕರಣಗಳಲ್ಲಿ "ಆಸ್ತಿ ಜಗಳಕ್ಕೆ ಹಾಕಿದ ಸುಳ್ಳು ಕೇಸು" ಎಂಬುದು ಬಂದೇ ಬರುವ ವಾದ. ಮುಚ್ಚಿಟ್ಟಿದ್ದು ಅವರ ಬಾಯಿಂದ ಹೊರಬಿದ್ದರೆ ಮಾತ್ರ ಅದಕ್ಕೆ ಬಲ ಬರುತ್ತದೆ.

ವಯಸ್ಸಿನ ದಾಖಲೆ ಇನ್ನೊಂದು ಗುಂಡಿ. ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ. ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಕೇಳುವುದು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥದ್ದನ್ನು, ಅದಿಲ್ಲದಿದ್ದರೆ ಪಾಲಿಕೆ ಇಲ್ಲವೇ ಪಂಚಾಯಿತಿಯ ಜನನ ಪತ್ರವನ್ನು, ಎರಡೂ ಇಲ್ಲದಿದ್ದರೆ ಮೂಳೆ ಪರೀಕ್ಷೆಯನ್ನು. ಬರೀ ಟಿಸಿ ಸಾಲದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಒಂದು ಶಿಕ್ಷೆಯನ್ನೇ ರದ್ದು ಮಾಡಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಲೆಕ್ಕ ಹೊಂದಿಸಿ ಜೂನ್ 1 ಎಂದು ಬರೆದುಕೊಂಡ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ? ಹದಿನೇಳರ ಆಸುಪಾಸಿನ ಹುಡುಗಿಯಾದರೆ ಇಡೀ ಪ್ರಕರಣ ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಜನನ ಪತ್ರವನ್ನು ಮೊದಲ ವಾರದಲ್ಲೇ ತೆಗೆಸಿಡಿ.

ಎಫ್‌ಐಆರ್ ಮಾಡದೆ ಠಾಣೆಯವರು ಹಿಂಬರಹ, ಅಂದರೆ ದೂರು ಬಂದಿದೆ ಎಂಬ ಚೀಟಿಯನ್ನಷ್ಟೇ ಕೊಟ್ಟು ಸಾಗಹಾಕಿದರೆ? ದೂರನ್ನು ಜಿಲ್ಲಾ ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅದರ ಚೀಟಿಯೊಂದಿಗೆ ಕೋರ್ಟಿಗೆ ಹೋಗಬಹುದು. ದೂರು ದಾಖಲಿಸದ ಪೊಲೀಸರಿಗೂ ಪೋಕ್ಸೊ 21ನೇ ಸೆಕ್ಷನ್ ಅನ್ವಯಿಸುತ್ತದೆ. ಪೋಕ್ಸೊ ಪ್ರಕರಣಗಳನ್ನು ನಡೆಸುವ ವಿಶೇಷ ನ್ಯಾಯಾಲಯ ಖಾಸಗಿ ದೂರನ್ನು ನೇರವಾಗಿಯೂ ತೆಗೆದುಕೊಳ್ಳಬಲ್ಲದು.

ಮನೆ ಬಿಡಬೇಕಾದವರು ಯಾರು

ಎಫ್‌ಐಆರ್ ಆದ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಆರೋಪಿ ಅದೇ ಮನೆಯಲ್ಲಿರುವವನಾದರೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಅಲ್ಲಿಯೇ ಇರಬಹುದೇ, ಬೇರೆಡೆ ಇರಬೇಕೇ ಎಂದು ಸಮಿತಿ ಮೂರು ದಿನದಲ್ಲಿ ತೀರ್ಮಾನಿಸಬೇಕು. ಇಲ್ಲಿ ತಾಯಂದಿರು ನಡುಗುತ್ತಾರೆ: "ಮಗೂನ ಬಾಲಮಂದಿರಕ್ಕೆ ಹಾಕಿಬಿಡ್ತಾರಂತೆ." ಅದು ಕೊನೆಯ ದಾರಿ. ತಾಯಿಗೆ ಮಗುವನ್ನು ನೋಡಿಕೊಳ್ಳುವ ಶಕ್ತಿ ಇದೆಯೇ, ಮಗುವಿಗೆ ಯಾರ ಜೊತೆ ಇರಲು ಇಷ್ಟ ಎಂಬುದನ್ನು ಸಮಿತಿ ನೋಡಲೇಬೇಕು. ಅಲ್ಲಿಗೆ ಬರಿಗೈಯಲ್ಲಿ ಹೋಗದೆ, "ನಾವಿಬ್ಬರೂ ಇಂತಿಂಥ ಕಡೆ ಇರುತ್ತೇವೆ, ಇಂತಿಂಥವರು ಜೊತೆಗಿರುತ್ತಾರೆ, ಶಾಲೆ ಇಷ್ಟು ದೂರ" ಎಂದು ಒಂದು ಯೋಜನೆ ಹಿಡಿದು ಹೋದರೆ ಅರ್ಧ ಭಯ ಅಲ್ಲೇ ಕರಗುತ್ತದೆ.

ಆದರೆ ತಾಯಿ ಮಗುವೇ ಯಾಕೆ ಮನೆ ಬಿಡಬೇಕು? ಈ ಪ್ರಶ್ನೆಗೆ ಉತ್ತರ ಪೋಕ್ಸೊದಲ್ಲಿಲ್ಲ, ಇನ್ನೊಂದು ಕಾನೂನಿನಲ್ಲಿದೆ, ಮತ್ತು ಅದನ್ನು ಬಳಸುವವರು ಕಡಿಮೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 19ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರು ಆರೋಪಿ ಗಂಡಸನ್ನೇ ಮನೆಯಿಂದ ಹೊರಗಿರುವಂತೆ ಆದೇಶಿಸಬಹುದು. ಮನೆ ಅವನ ಹೆಸರಲ್ಲೇ ಇದ್ದರೂ ಸರಿ. 18ನೇ ಸೆಕ್ಷನ್ ಅಡಿ ಶಾಲೆಯ ಹತ್ತಿರ ಸುಳಿಯದಂತೆ, ಫೋನು ಮಾಡದಂತೆ ರಕ್ಷಣಾ ಆದೇಶ. 21ರ ಅಡಿ ಮಗುವಿನ ತಾತ್ಕಾಲಿಕ ಸುಪರ್ದಿ. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು. ಅರ್ಜಿ ಹಾಕಿದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು. ಕರ್ನಾಟಕದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ (ಸಿಡಿಪಿಒ) ಈ ಕಾಯ್ದೆಯಡಿ ಅರ್ಜಿಗೆ ನೆರವಾಗುವ ರಕ್ಷಣಾಧಿಕಾರಿಗಳು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಆ ಕಚೇರಿ ಎಲ್ಲಿ ಎಂದು ಹೇಳುತ್ತಾರೆ. ಒಂದು ಮಿತಿ ಮಾತ್ರ ನೆನಪಿರಲಿ: ಹೆಂಗಸರನ್ನು ಮನೆಯಿಂದ ಹೊರಹಾಕುವ ಆದೇಶ ಈ ಸೆಕ್ಷನ್‌ನಡಿ ಸಿಗುವುದಿಲ್ಲ. ಮಗನ ಪರ ನಿಂತು ಮೊಮ್ಮಗಳನ್ನು ಹಂಗಿಸುವ ಅಜ್ಜಿ ಅದೇ ಮನೆಯಲ್ಲೇ ಉಳಿಯುತ್ತಾಳೆ, ಅದಕ್ಕೆ ಬೇರೆ ದಾರಿಯನ್ನೇ ಹುಡುಕಬೇಕು.

ಸಮಿತಿಯನ್ನು ಮೊದಲ ದಿನವೇ ಕೇಳಬೇಕಾದ ಇನ್ನೆರಡು ಸಂಗತಿಗಳಿವೆ. ಒಂದು, ಬೆಂಬಲ ವ್ಯಕ್ತಿ. ಠಾಣೆ, ಆಸ್ಪತ್ರೆ, ಕೋರ್ಟು ಎಲ್ಲ ಕಡೆ ಮಗುವಿನ ಜೊತೆಗಿದ್ದು, ಮುಂದೇನು ಎಂದು ಮನೆಯವರಿಗೆ ತಿಳಿಸುತ್ತ ಹೋಗುವವರು. ಇಂಥದ್ದೊಂದು ಸೌಲಭ್ಯವಿದೆ ಎಂದು ಪ್ರತಿ ಪ್ರಕರಣದಲ್ಲೂ ಕುಟುಂಬಕ್ಕೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿದೆ. ಎರಡು, ವಿಶೇಷ ಪರಿಹಾರ: ಊಟ, ಬಟ್ಟೆ, ಓಡಾಟದ ಖರ್ಚಿಗೆ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದಲ್ಲಿ ಹಣ ಕೊಡಬೇಕು. ದುಡಿಯುವವನೇ ಜೈಲಿಗೆ ಹೋದ ಮನೆಯಲ್ಲಿ ತಿಂಗಳ ಕೊನೆಗೆ ಅಕ್ಕಿ ಮುಗಿಯುತ್ತದೆ. ಹೇಳಿಕೆ ಬದಲಾಗಲು ಶುರುವಾಗುವುದೂ ಆಗಲೇ.

ರಾಜಿ

ರಾಜಿಯ ಮಾತು ಬರುವುದು ಜಾಮೀನಿನ ಹೊತ್ತಿಗೆ. ದೋಷಾರೋಪ ಪಟ್ಟಿ 90 ದಿನದಲ್ಲಿ ಬರದಿದ್ದರೆ ಗಂಭೀರ ಪ್ರಕರಣದಲ್ಲೂ ಆರೋಪಿ ಹಕ್ಕಿನಿಂದಲೇ ಜಾಮೀನು ಪಡೆಯುತ್ತಾನೆ, ಸಣ್ಣ ಸೆಕ್ಷನ್ ಆದರೆ 60 ದಿನ ಸಾಕು. ಪೋಕ್ಸೊ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕೆಂದು, ಹಿಂದಿನ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಪ್ರಯೋಗಾಲಯದ ವರದಿ ಬಂದಿಲ್ಲ ಎಂಬುದು ನೆಪವಾಗಬಾರದು, ಅದನ್ನು ಆಮೇಲೆ ಸೇರಿಸಬಹುದು. ಐವತ್ತನೇ ದಿನ ಹೋಗಿ ತನಿಖಾಧಿಕಾರಿಯನ್ನು ಕೇಳಿ. ಜಾಮೀನು ಅರ್ಜಿಗೆ ಸರ್ಕಾರಿ ಅಭಿಯೋಜಕರ ಮೂಲಕ ಆಕ್ಷೇಪಣೆ ಹಾಕಬಹುದು, ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ಪೋಕ್ಸೊ 40ನೇ ಸೆಕ್ಷನ್ ಹಕ್ಕು ಕೊಡುತ್ತದೆ. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ದೂರವಾಣಿ 15100. ಜಾಮೀನು ಸಿಕ್ಕೇ ಸಿಗುತ್ತದೆ ಎಂದಾದರೆ ಷರತ್ತುಗಳನ್ನು ಹೆಸರಿಟ್ಟು ಕೇಳಿ: ಇಂಥ ಬೀದಿಗೆ ಬರಕೂಡದು, ಇಂಥ ಶಾಲೆಯ ಬಳಿ ಕಾಣಿಸಕೂಡದು. "ಸಾಕ್ಷಿಗಳ ಮೇಲೆ ಪ್ರಭಾವ ಬೀರಬಾರದು" ಎಂಬ ಒಣ ವಾಕ್ಯದಿಂದ ಏನೂ ಆಗುವುದಿಲ್ಲ.

ಅವನು ಹೊರಗೆ ಬಂದ ಮೇಲೆ ಊರ ಹಿರಿಯರು ಬರುತ್ತಾರೆ. ದೇವಸ್ಥಾನದಲ್ಲಿ ಆಣೆ ಮಾಡಿಸೋಣ, ಕಾಲಿಗೆ ಬೀಳಿಸೋಣ, ಮಗಳ ಹೆಸರಲ್ಲಿ ಇಷ್ಟು ಎಫ್‌ಡಿ ಇಡಿಸೋಣ. ಹದಿನೇಳರ ಹುಡುಗಿಯಾದರೆ "ಅವನಿಗೇ ಕೊಟ್ಟು ಮದುವೆ ಮಾಡಿಬಿಡಿ" ಎನ್ನುವವರೂ ಇದ್ದಾರೆ. ಈ ಮಾತುಕತೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿದ್ದ ಇಂಥ ಪ್ರಕರಣವನ್ನು, ಹುಡುಗಿಯ ತಂದೆ ರಾಜಿಯಾಗಿದ್ದಾರೆಂಬ ಕಾರಣಕ್ಕೆ ಹೈಕೋರ್ಟ್ ರದ್ದುಪಡಿಸಿತ್ತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಇದು ಎರಡು ಕಡೆಯವರು ಕೂತು ಬಗೆಹರಿಸಿಕೊಳ್ಳುವ ಖಾಸಗಿ ವ್ಯಾಜ್ಯವಲ್ಲ ಎಂದಿತು. ಹಾಗಾಗಿ ರಾಜಿ ಎಂದರೆ ಕೊನೆಗೆ ಉಳಿಯುವುದು ಒಂದೇ ಅರ್ಥ: ಕಟಕಟೆಯಲ್ಲಿ ಮಗುವಿನಿಂದ ಸುಳ್ಳು ಹೇಳಿಸುವುದು. ಹಣ ತೆಗೆದುಕೊಂಡವರು ದೊಡ್ಡವರು. "ನಾನು ಹೇಳಿದ್ದು ಸುಳ್ಳು" ಎಂದು ತುಂಬಿದ ಕೋಣೆಯಲ್ಲಿ ಹೇಳಿ, ಅವನ ಜೊತೆಗೇ ಮನೆಗೆ ಮರಳಬೇಕಾದದ್ದು ಆ ಮಗು.

ಬೆದರಿಕೆ ಬಂದರೆ ಅದನ್ನು ಪ್ರತ್ಯೇಕ ದೂರಾಗಿ ಕೊಡಿ. ಸುಳ್ಳು ಸಾಕ್ಷಿ ಹೇಳುವಂತೆ ಬೆದರಿಸುವುದಕ್ಕೆ ನ್ಯಾಯ ಸಂಹಿತೆಯ 232ನೇ ಸೆಕ್ಷನ್ನಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆಯನ್ನೂ ಕೇಳಬಹುದು.

ಕೋರ್ಟಿನ ದಿನ

ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದಲ್ಲಿ ಮಗುವಿನ ಸಾಕ್ಷ್ಯ, ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು ಎನ್ನುತ್ತದೆ ಪೋಕ್ಸೊ 35ನೇ ಸೆಕ್ಷನ್. ನಡೆಯುವುದು ಬೇರೆ. ಆರನೇ ತರಗತಿಯಲ್ಲಿದ್ದಾಗಿನ ಘಟನೆಗೆ ಎಂಟನೇ ತರಗತಿಯಲ್ಲಿ ಸಮನ್ಸ್ ಬಂದರೆ ಆಶ್ಚರ್ಯಪಡಬೇಡಿ. ಅಷ್ಟರಲ್ಲಿ ಮಗು ಮರೆಯಲು ಹವಣಿಸಿರುತ್ತದೆ, ನಾವೂ ಮರೆಸಲು ನೋಡಿರುತ್ತೇವೆ.

ಸಮನ್ಸ್ ಬಂದ ಕೂಡಲೇ ಸರ್ಕಾರಿ ಅಭಿಯೋಜಕರನ್ನು ಭೇಟಿ ಮಾಡಲು ಸಮಯ ಕೇಳಿ. ತನಿಖೆಯ ಹೊತ್ತಿಗೆ ಮ್ಯಾಜಿಸ್ಟ್ರೇಟರ ಮುಂದೆ ತಾನು ಕೊಟ್ಟ ಹೇಳಿಕೆಯನ್ನು ಮಗುವಿಗೆ ಅವರು ಒಮ್ಮೆ ಓದಿ ಹೇಳಲಿ. ಮನೆಯಲ್ಲಿ ಉರು ಹೊಡೆಸುವುದು ಮಾತ್ರ ಬೇಡ. ಕಂಠಪಾಠವಾದ ಸಾಕ್ಷ್ಯ ಕೇಳಿದ ಕೂಡಲೇ ನ್ಯಾಯಾಧೀಶರಿಗೆ ಗೊತ್ತಾಗುತ್ತದೆ. ಮಗುವಿಗೆ ಹೇಳಿಕೊಡಬೇಕಾದ್ದು ಮೂರೇ: ಗೊತ್ತಿದ್ದರೆ ಹೇಳು, ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನು, ಪ್ರಶ್ನೆ ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನು. ಹಿಂದಿನ ದಿನ ಆ ಕೋಣೆಯನ್ನು ತೋರಿಸಿಕೊಂಡು ಬಂದರೆ ಬಹಳ ಉಪಯೋಗ.

ವಿಚಾರಣೆ ಮುಚ್ಚಿದ ಕೋಣೆಯಲ್ಲಿ. ಮಗುವಿಗೆ ಆರೋಪಿ ಕಾಣಬಾರದು: ಪರದೆ, ಒಂದೇ ಕಡೆ ಕಾಣುವ ಗಾಜು ಅಥವಾ ವಿಡಿಯೊ ಸಂಪರ್ಕ. ಕೋಣೆಯೊಳಗೆ ಇದನ್ನು ಪಾಲಿಸಿ, ಹೊರಗಿನ ಕಾರಿಡಾರಿನ ಬೆಂಚಿನಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸುವುದು ನಮ್ಮ ಎಷ್ಟೋ ನ್ಯಾಯಾಲಯಗಳ ಆವರಣದಲ್ಲಿ ಕಾಣುವ ವಿಪರ್ಯಾಸ. ಪ್ರಕರಣ ಕೂಗುವವರೆಗೆ ಮಗು ಬೇರೆ ಕೋಣೆಯಲ್ಲಿರಲಿ ಎಂದು ಬೆಂಬಲ ವ್ಯಕ್ತಿಯಿಂದ ಮೊದಲೇ ಹೇಳಿಸಿಡಿ. ವಕೀಲರು ಮಗುವನ್ನು ನೇರ ಪ್ರಶ್ನಿಸುವಂತಿಲ್ಲ. ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ತಿಳಿಯುವಂತೆ ಕೇಳಬೇಕು. ಗದರಿಸುವ ಪ್ರಶ್ನೆಗೆ, ನಡತೆ ಹಳಿಯುವ ಪ್ರಶ್ನೆಗೆ ತಡೆ ಇದೆ. ನಡುನಡುವೆ ವಿರಾಮ ಕೇಳಬಹುದು, ಕೇಳಿ. ನೀರು, ತಿಂಡಿ, ಬಣ್ಣದ ಪೆನ್ಸಿಲ್ ಒಯ್ಯಿರಿ. ಕಾಯುವುದು ಬೆಳಗ್ಗೆ ಹತ್ತೂವರೆಯಿಂದ ಸಂಜೆ ನಾಲ್ಕರವರೆಗೂ ಆಗಬಹುದು.

ಪೋಕ್ಸೊ 29ನೇ ಸೆಕ್ಷನ್ ಇದೆಯಲ್ಲ, ತಾನು ನಿರಪರಾಧಿ ಎಂದು ಆರೋಪಿಯೇ ಸಾಬೀತು ಮಾಡಬೇಕು ಎಂದು ಧೈರ್ಯ ಹೇಳುವವರಿದ್ದಾರೆ. ಅರ್ಧ ನಿಜ. ಮೂಲ ಸಂಗತಿಗಳನ್ನು, ಅಂದರೆ ಮಗುವಿನ ವಯಸ್ಸು, ಘಟನೆ, ಅವನೇ ಮಾಡಿದ್ದು ಎಂಬುದನ್ನು ಪ್ರಾಸಿಕ್ಯೂಷನ್ ಮೊದಲು ನಿಲ್ಲಿಸಬೇಕು. ಆಮೇಲಷ್ಟೇ ಆ ಸೆಕ್ಷನ್ನಿಗೆ ಜೀವ.

ಇಷ್ಟರ ನಡುವೆ ಮಗುವಿನ ಮನಸ್ಸಿನ ಚಿಕಿತ್ಸೆ ತೀರ್ಪಿಗಾಗಿ ಕಾಯಬೇಕಿಲ್ಲ. ಕೌನ್ಸೆಲಿಂಗ್ ಕೊಡಿಸಿದರೆ ಕೇಸು ಕೆಡುತ್ತದೆ ಎಂಬ ಮಾತಿಗೆ ಕಿವಿಗೊಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವಿದೆ, ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ತೀರ್ಪಿನ ನಂತರ

ಪರಿಹಾರದ ಹಣಕ್ಕೆ ತೀರ್ಪಿನವರೆಗೆ ಕಾಯಬೇಡಿ. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರಕ್ಕೆ ವಿಶೇಷ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು. ಆರೋಪಿ ಖುಲಾಸೆಯಾದರೂ, ಸಿಕ್ಕದೇ ಹೋದರೂ ಪರಿಹಾರ ಕೊಡಲು ನಿಯಮದಲ್ಲಿ ಅವಕಾಶವಿದೆ, ಆದೇಶ ತಲುಪಿದ 30 ದಿನದಲ್ಲಿ ಸರ್ಕಾರ ಪಾವತಿಸಬೇಕು. ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ ಮೊದಲೇ ತೆರೆದಿಡಿ. ಆಸ್ಪತ್ರೆ ಚೀಟಿ, ಬಸ್ ಟಿಕೆಟ್, ಶಾಲೆ ಬದಲಿಸಿದ ಖರ್ಚು ಎಲ್ಲವನ್ನೂ ಒಂದೇ ಫೈಲಿನಲ್ಲಿಡಿ.

ಖುಲಾಸೆಯಾದರೆ, ಹಗುರ ಸೆಕ್ಷನ್ನಿನಲ್ಲಿ ಮಾತ್ರ ಶಿಕ್ಷೆಯಾದರೆ, ಪರಿಹಾರ ಕಡಿಮೆ ಎನಿಸಿದರೆ ಸಂತ್ರಸ್ತರೇ ಮೇಲ್ಮನವಿ ಹೋಗಬಹುದು. ಶಿಕ್ಷೆಯ ಪ್ರಮಾಣ ಸಾಲದು ಎಂಬ ಒಂದೇ ಕಾರಣಕ್ಕೆ ಹೋಗಲು ಮಾತ್ರ ಸರ್ಕಾರವೇ ಬೇಕು. ಶಿಕ್ಷೆಯಾದರೂ ಅವನು ಹೈಕೋರ್ಟಿಗೆ ಹೋಗುತ್ತಾನೆ, ಶಿಕ್ಷೆ ಅಮಾನತಿನಲ್ಲಿಟ್ಟು ಜಾಮೀನು ಕೊಡಿ ಎನ್ನುತ್ತಾನೆ. ಆ ನೋಟಿಸು ಎಫ್‌ಐಆರ್‌ನಲ್ಲಿರುವ ಹಳೆಯ ವಿಳಾಸಕ್ಕೆ ಹೋಗುತ್ತದೆ. ನೀವು ಅಷ್ಟರಲ್ಲಿ ಊರು ಬದಲಿಸಿರುತ್ತೀರಿ, ಸಿಮ್ಮೂ ಬದಲಿಸಿರುತ್ತೀರಿ. ಹೊಸ ವಿಳಾಸ, ಫೋನ್ ನಂಬರನ್ನು ಮುಚ್ಚಿದ ಲಕೋಟೆಯಲ್ಲಿ ವಿಶೇಷ ನ್ಯಾಯಾಲಯದ ಕಚೇರಿಗೂ ತನಿಖಾಧಿಕಾರಿಗೂ ಕೊಟ್ಟು, ಕೊಟ್ಟದ್ದಕ್ಕೆ ಸ್ವೀಕೃತಿ ಹಾಕಿಸಿಕೊಂಡು ಬನ್ನಿ.